ಬೆಂಡು ಬಿಚ್ಚಿ ನೋಡಿ

ಹಳೆಯ ಬೋಟ್ ಎಂಜಿನ್ ಕೊಳ್ಳಲು ಹೊರಟವರು ಅಶ್ವಶಕ್ತಿ ಕೇಳುತ್ತಾರೆ, ಗಂಟೆಗೆ ಎಷ್ಟು ಲೀಟರ್ ಡೀಸೆಲ್ ಕುಡಿಯುತ್ತದೆ ಎಂದು ಕೇಳುತ್ತಾರೆ. ಹೊಗೆಗೂ ಸಮುದ್ರದ ನೀರಿಗೂ ಮೊದಲ ಭೇಟಿಯಾಗುವ ಗೇಣುದ್ದದ ಬೆಂಡನ್ನು ಬಿಚ್ಚಿಸಿ ಅಂದರೆ ಮಾತ್ರ ಮಿಕಿಮಿಕಿ ನೋಡುತ್ತಾರೆ. ನನ್ನ ಸ್ಪಾನರ್ ಮೊದಲು ಹೋಗುವುದು ಅಲ್ಲಿಗೇ.

ನಮ್ಮ ಕರಾವಳಿಯ ಹಲವು ಟ್ರಾಲ್ ಬೋಟುಗಳಲ್ಲಿ ಹೊಗೆ ಕ್ಯಾಬಿನ್ನಿನ ಮೇಲಿನ ಕೊಳವೆಯಿಂದ ಒಣದಾಗಿಯೇ ಹೊರಹೋಗುತ್ತದೆ. ವಿಹಾರದ ಬೋಟುಗಳಲ್ಲಿ, ಹಾಯಿದೋಣಿಗಳ ಒಳ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಎಂಜಿನ್ ತಂಪು ಮಾಡಿ ಬಂದ ಉಪ್ಪುನೀರನ್ನು ಈ ಬೆಂಡಿನಲ್ಲಿ ಹೊಗೆಯೊಳಕ್ಕೇ ಚಿಮ್ಮಿಸುತ್ತಾರೆ. ಭಾರ ಎಳೆಯುವಾಗ 400 ಡಿಗ್ರಿ ದಾಟುವ ಹೊಗೆ, ರಬ್ಬರ್ ಹೋಸ್ ತಾಳುವಷ್ಟು ತಣ್ಣಗಾಗಿ ಹಿಂದಿನಿಂದ ಹೊರಬೀಳುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಬೆಂಡಿನ ಗೋಡೆಗೆ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಕಡಲು. ಸಾಲದ್ದಕ್ಕೆ ಡೀಸೆಲಿನ ಗಂಧಕ ನೀರಿಗೆ ಸೇರಿ ಆಮ್ಲವಾಗುತ್ತದೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಡೀಸೆಲ್ ಬಂದು ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಅಲ್ಲಿಗೆ ಆ ಕಾಟ ತಗ್ಗಿತು. ಉಪ್ಪಿನ ಕಾಟಕ್ಕೆ ಯಾವ ಸರ್ಕಾರಿ ಆದೇಶವೂ ಇಲ್ಲ.

ಬೀಡುಕಬ್ಬಿಣದ ಬೆಂಡು ಹಾಕಿಸಬೇಕೋ ಸ್ಟೇನ್‌ಲೆಸ್ಸೋ ಎಂದು ಕೇಳುವವರು ಬಹಳ. ಹೊಳಪು ನೋಡಿ ಸ್ಟೇನ್‌ಲೆಸ್ ಕಡೆ ವಾಲಬೇಡಿ. ಅದರ ಕ್ರೋಮಿಯಂ ಪೊರೆ ಉಳಿಯಲು ಆಮ್ಲಜನಕ ಬೇಕು. ಮಸಿಯ ಅಡಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಹರಿದು ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಹೆಚ್ಚಾಗಿ ವೆಲ್ಡಿಂಗಿನ ಪಕ್ಕದಲ್ಲಿ. ಹಾಕಿಸಲೇಬೇಕೆಂದಿದ್ದರೆ 316ಎಲ್ ಕೇಳಿ: ಇಂಗಾಲ ಶೇ 0.03ಕ್ಕಿಂತ ಹೆಚ್ಚಿರುವುದಿಲ್ಲವಾದ್ದರಿಂದ ವೆಲ್ಡಿಂಗಿನ ಸುತ್ತ ದುರ್ಬಲವಾಗುವುದು ಕಡಿಮೆ. ನನ್ನ ಮತ ಮಾತ್ರ ಬೀಡಿಗೆ. ಅದಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ಹಿಡಿದ ತುಕ್ಕು ಉಬ್ಬಿ ಚಕ್ಕೆಚಕ್ಕೆಯಾಗಿ ದಾರಿ ಕಟ್ಟುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ, ಹೊಗೆ ಕಪ್ಪಾಗುತ್ತದೆ. ಸಾಯುವ ಮೊದಲು ಹೇಳಿ ಸಾಯುವ ಲೋಹ. ಸ್ಟೇನ್‌ಲೆಸ್ ಹೊರಗೆ ಹೊಳೆಯುತ್ತಲೇ ಒಳಗೆ ಸೋರುತ್ತಿರುತ್ತದೆ. ಸೋರಿದ ನೀರು ಹಿಂದಕ್ಕೆ ಹರಿದರೆ ಸೇರುವುದು ವಾಲ್ವಿಗೆ, ಸಿಲಿಂಡರಿಗೆ. ನೀರನ್ನು ಪಿಸ್ಟನ್ ಅದುಮಲಾರದು. ಬಾಗುವುದು ಕನೆಕ್ಟಿಂಗ್ ರಾಡ್.

ತುಕ್ಕು ತಡೆಯಲು ಬೋಟಿನ ತಳಕ್ಕೆ ಸತುವಿನ ಗಟ್ಟಿ ಕಟ್ಟಿದ್ದೇನಲ್ಲ ಎನ್ನುವವರಿದ್ದಾರೆ. 1824ರಲ್ಲಿ ಹಂಫ್ರಿ ಡೇವಿ ಹಡಗಿನ ತಾಮ್ರದ ಹೊದಿಕೆಗೆ ಹುಡುಕಿದ ಉಪಾಯದ ವಂಶಸ್ಥ ಅದು. ಎರಡು ಲೋಹಗಳೂ ಒಂದೇ ನೀರಿನಲ್ಲಿ ಮುಳುಗಿದ್ದರಷ್ಟೇ ಕೆಲಸ ಮಾಡುತ್ತದೆ. ನೀರಿನ ಮಟ್ಟದಿಂದ ಮೇಲಿರುವ ಬೆಂಡಿಗೆ ಅದರಿಂದ ಕಾಸಿನ ಉಪಯೋಗವಿಲ್ಲ.

ಇನ್ನು, ಬೆಂಡು ಓಡಾಟದಲ್ಲಿ ಸವೆಯುವುದಕ್ಕಿಂತ ವಿಶ್ರಾಂತಿಯಲ್ಲಿ ಕೊಳೆಯುವುದು ಹೆಚ್ಚು. ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ವಿಹಾರದ ಬೋಟುಗಳೂ ಮಳೆಗಾಲದಲ್ಲಿ ಹೊದ್ದು ಮಲಗುತ್ತವೆ. ಒಳಗೆ ಉಪ್ಪು, ಮಸಿ, ತೇವದ ಗಾಳಿ. ಕಟ್ಟಿಹಾಕುವ ಮೊದಲು ಎಂಜಿನ್ನಿನ ನೀರೆಳೆಯುವ ಪೈಪನ್ನು ಸಿಹಿನೀರಿನ ಡ್ರಮ್ಮಿಗೆ ಹಾಕಿ ಸ್ವಲ್ಪ ಹೊತ್ತು ಓಡಿಸಿ. ಬಿಡುವಿದ್ದರೆ ಬೆಂಡನ್ನೇ ಇಳಿಸಿ, ಮಸಿ ಕೆರೆದು, ಹೊಗೆಯ ದಾರಿಯ ಸುತ್ತಲಿನ ನೀರಿನ ಪದರಕ್ಕೆ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹೊಗೆಯ ದಾರಿ ಒದ್ದೆಯಾಗಿದ್ದರೆ ಗುಜರಿಗೆ ಹಾಕಿ, ವೆಲ್ಡರ್ ಹತ್ತಿರ ಹೋಗಬೇಡಿ. ಕಕ್ಕಸು ತೊಳೆಯುವ ಆಸಿಡ್ಡನ್ನು ಸ್ಟೇನ್‌ಲೆಸ್ಸಿಗೆ ಸುರಿಯಬೇಡಿ, ಅದರಲ್ಲಿರುವುದೂ ಕ್ಲೋರೈಡೇ. ಇಳಿಸಿದ ಮೇಲೆ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕುವ ಜಿಪುಣತನವೂ ಬೇಡ.

ಓಡುತ್ತಿರುವ ಬೋಟಿನಲ್ಲಾದರೆ ಮೂರು ಕಡೆ ಕಣ್ಣಿಡಿ: ಜೋಡಣೆಯ ಸುತ್ತ ಬಿಳಿ ಉಪ್ಪು, ಕೆಳಗಿಳಿದ ಕಂದು ಗೆರೆ, ಹಿಂದೆ ಉಗುಳುವ ನೀರು ತೆಳುವಾಗಿ ಆವಿ ಹೆಚ್ಚಿದ್ದು. ಮೂರನೆಯದಕ್ಕೆ ನೀರಿನ ಪಂಪಿನ ಇಂಪೆಲ್ಲರ್ ಕೂಡ ಕಾರಣವಿರಬಹುದು, ಅದನ್ನೇ ಮೊದಲು ನೋಡಿ; ಅಗ್ಗದ ಕೆಲಸ.

ಮಳೆಗಾಲ ಕಳೆದು ಎಂಜಿನ್ ಹತ್ತದೆ ಸತಾಯಿಸಿದರೆ ಸ್ಟಾರ್ಟರನ್ನು ಸುಮ್ಮನೆ ತಿರುಗಿಸುತ್ತಲೇ ಇರಬೇಡಿ. ಪಂಪು ನೀರು ತಳ್ಳುತ್ತದೆ, ಅದನ್ನು ಹೊರಗೆ ಊದುವ ಹೊಗೆ ಇರುವುದಿಲ್ಲ, ಸೈಲೆನ್ಸರ್ ತುಂಬಿ ಎಂಜಿನ್ನಿಗೇ ಹಿಮ್ಮರಳುತ್ತದೆ. ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿಕೊಂಡು ಪ್ರಯತ್ನಿಸಿ, ಹತ್ತಿದ ಕೂಡಲೇ ತೆರೆಯಿರಿ.