ಮಧುಮೇಹ ಸೇವೆ: ರಕ್ತ ನೋಡಿದರಷ್ಟೇ ಸಾಲದು

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುವ ಕ್ರಮ ಬಂತು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಪದವೀಧರರು. ಬೈಲಹೊಂಗಲ ತಾಲ್ಲೂಕಿನ ದೊಡವಾಡದ ಸುತ್ತಲಿನಂಥ ಹಳ್ಳಿಗಳಲ್ಲಿ ಮಧುಮೇಹಿಗಳ ಮೇಲಿನ ನಿಗಾ ಇವರ ಹೊಣೆ.

30 ವರ್ಷ ದಾಟಿದವರನ್ನೆಲ್ಲ ತಪಾಸಣೆ ಮಾಡುವುದು ಸರಿಯೇ. ಆದರೆ ಬೆರಳ ತುದಿಯ ರಕ್ತದ ಗ್ಲೂಕೋಸ್ ಆ ಗಳಿಗೆಯದು ಮಾತ್ರ. ಹಿಂದಿನ 2-3 ತಿಂಗಳ ಸರಾಸರಿಗೆ ಎಚ್‌ಬಿಎ1ಸಿ, ಅಂದರೆ ಗ್ಲೂಕೋಸ್ ಅಂಟಿದ ಹಿಮೋಗ್ಲೋಬಿನ್ನಿನ ಪ್ರಮಾಣ, ನೋಡಬೇಕು. ಕಬ್ಬಿಣದ ಕೊರತೆಯಿದ್ದರೆ ಅದೂ ಹೆಚ್ಚು ತೋರಬಹುದು. ನಮ್ಮ ಹೆಂಗಸರ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

2023ರಲ್ಲಿ ಕೇಂದ್ರ ಸರ್ಕಾರ, 2025ರೊಳಗೆ 7.5 ಕೋಟಿ ರಕ್ತದೊತ್ತಡ ಹಾಗೂ ಮಧುಮೇಹ ರೋಗಿಗಳನ್ನು ಚಿಕಿತ್ಸೆಗೆ ತರುವ ಗುರಿ ಇಟ್ಟಿತು. ಇದು ತಲೆಗಳ ಲೆಕ್ಕ. ಪಾದಗಳನ್ನು ಯಾರು ಎಣಿಸುತ್ತಾರೆ ಎಂಬುದೇ ನನ್ನ ತಕರಾರು. ನರಗಳು ಜಡವಾದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯದು. ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವವನ ಹುಣ್ಣು ಕೊಳೆತ ಮೇಲೆ ಬೆರಳನ್ನೇ ಕತ್ತರಿಸಬೇಕಾದೀತು. 10 ಗ್ರಾಂ ತೂಕದಷ್ಟು ಒತ್ತಿದರೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಯನ್ನು "ಗೊತ್ತಾತೇನ್ರಿ?" ಎಂದು ಕೇಳಿದರೆ ಈ ಅಪಾಯ ಮೊದಲೇ ಗೊತ್ತಾಗುತ್ತದೆ. ಇದಕ್ಕೆ ವಿದ್ಯುತ್ ಬೇಡ, ಪ್ರಯೋಗಾಲಯ ಬೇಡ. ಮೇಲಿನವರು ತಿಂಗಳ ವರದಿಯಲ್ಲಿ ಇದಕ್ಕೊಂದು ಕಲಂ ಸೇರಿಸಿದರೆ ತಂಡ ನಡೆಸುವ ನರ್ಸ್‌ಗೆ ಸಮಯವೂ ಸಿಕ್ಕೀತು.