ಸನ್ನಿಧಿ ತಪ್ಪಿದ ಶಿಲೆಗಳು

ಪರದೇಶಯಾತ್ರೆ ಮಾಡಿ ಬಂದವರ ಬರಹಗಳು ಕನ್ನಡದಲ್ಲಿ ಈಗ ವಿರಳವಲ್ಲ. ಅವುಗಳಲ್ಲಿ ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಸ್ತಾಪ ಬಂದಾಗ ಬಹುಮಟ್ಟಿಗೆ ಎರಡು ಬಗೆಯ ಮಾತು ಕೇಳಿಬರುವುದು. ಸಂಗ್ರಹದ ಅಗಾಧತೆಯನ್ನು ಕಂಡು ಬೆರಗು ಒಂದು. ಅದನ್ನು ಕೂಡಿಸಿದ ರೀತಿಯನ್ನು ನೆನೆದು ಬೈಗುಳು ಮತ್ತೊಂದು. ಎರಡಕ್ಕೂ ಕಾರಣವುಂಟು. ಆದರೂ ವಿಮರ್ಶೆಯು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಹುಟ್ಟಿದ ಎಡೆಯಿಂದ ಕಿತ್ತು ತಂದ ಶಿಲೆಯು ನೋಡುವವನಿಗೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು?

ಬಿಡಿಪದಗಳು ಕೂಡಿ ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ವಿಧಿಸಿದ್ದಾರೆ. ಒಂದು ಪದವು ಮತ್ತೊಂದನ್ನು ಬಯಸಬೇಕು. ಅವುಗಳ ಅರ್ಥ ಪರಸ್ಪರ ಹೊಂದಬೇಕು. ಅವು ಒಂದರ ಬಳಿ ಒಂದು ಇರಬೇಕು. ತರ್ಕವನ್ನು ಓದುವ ಬಾಲಕನೂ ಬಲ್ಲ ಈ ಮಾತು ಶಿಲ್ಪಕ್ಕೂ ಸಲ್ಲುವುದು.

ಅಥೆನ್ಸ್ ನಗರದ ಅಕ್ರೊಪೊಲಿಸ್ ಬೆಟ್ಟದ ಮೇಲೆ ಎರೆಕ್ತಿಯಮ್ ಎಂಬ ದೇವಾಲಯವಿದೆ. ಕ್ರಿ. ಪೂ. 5ನೆಯ ಶತಮಾನದ ಆ ಗುಡಿಯ ಒಂದು ಮಂಟಪದಲ್ಲಿ ಕಂಬಗಳಿಗೆ ಬದಲಾಗಿ ಆರು ಮಂದಿ ಕನ್ಯೆಯರು ಛಾವಣಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಎಲ್ಗಿನ್ ಪ್ರಭುವಿನ ಜನರು ಅವರಲ್ಲೊಬ್ಬಳನ್ನು ತೆಗೆದು ಸಾಗಿಸಿದರು. 1816ರಲ್ಲಿ ಬ್ರಿಟಿಷ್ ಸರಕಾರವು ಎಲ್ಗಿನ್ನನ ಸಂಗ್ರಹವನ್ನು 35,000 ಪೌಂಡುಗಳಿಗೆ ಕೊಂಡಿತು. ಏಳಡಿಗೂ ಮಿಕ್ಕು ಎತ್ತರವಾದ ಆ ಕನ್ಯೆ ಈಗ ಲಂಡನ್ನಿನಲ್ಲಿ ನಿಂತಿದ್ದಾಳೆ. ಉಡುಗೆಯ ನಿರಿಗೆಗಳು ಕಂಬದ ಗೀರುಗಳಂತೆ ನೇರವಾಗಿ ಇಳಿದಿವೆ. ಒಂದು ಮೊಣಕಾಲು ತುಸು ಬಾಗಿದೆ. ಕೊರಳ ಹಿಂದೆ ದಟ್ಟವಾದ ಜಡೆಯಿಳಿದು ಆ ತೆಳುವಾದ ಕೊರಳಿಗೆ ಬಲ ಕೊಟ್ಟಿದೆ. ಇಷ್ಟೆಲ್ಲವೂ ಭಾರವನ್ನು ಹೊರುವುದಕ್ಕಾಗಿ. ಆದರೆ ಭಾರವೆಲ್ಲಿ? ಅವಳ ಮೈಯಲ್ಲಿ ಆಕಾಂಕ್ಷೆಯಿದೆ, ಸನ್ನಿಧಿಯಿಲ್ಲ. ಕ್ರಿಯಾಪದವನ್ನು ಕಳೆದುಕೊಂಡ ಕರ್ತೃಪದದಂತೆ ಅವಳು ನಿಂತಿದ್ದಾಳೆ.

ಪೂರ್ವಪಕ್ಷವನ್ನೂ ಕೇಳತಕ್ಕದ್ದು. ಇದ್ದಲ್ಲಿಯೇ ಇದ್ದ ಶಿಲೆಗಳು ಸುಖವಾಗಿ ಇದ್ದುವೇ? 1687ರಲ್ಲಿ ತುರುಕರು ಪಾರ್ಥೆನಾನ್ ಗುಡಿಯನ್ನು ಮದ್ದಿನ ಉಗ್ರಾಣವಾಗಿ ಮಾಡಿಕೊಂಡಿದ್ದಾಗ ವೆನಿಸ್ಸಿನವರ ಗುಂಡು ತಗುಲಿ ಅದು ಸಿಡಿದು ಹಾಳಾಯಿತು. ಉಳಿದ ಐವರು ಕನ್ಯೆಯರನ್ನೂ ನಗರದ ಕೆಟ್ಟ ಗಾಳಿಯಿಂದ ಕಾಪಾಡಲು 1979ರಲ್ಲಿ ಗ್ರೀಕರೇ ಒಳಗೆ ಕೊಂಡೊಯ್ದರು. ಮಂಟಪದಲ್ಲಿ ಈಗ ಇರುವುವು ಪ್ರತಿಕೃತಿಗಳು. ಆದುದರಿಂದ ಪ್ರದರ್ಶನಶಾಲೆಯೇ ಅಪರಾಧಿಯೆಂದು ತೀರ್ಪು ಕೊಡುವುದು ಸಲ್ಲದು. ಆದರೂ ಆ ಐವರು ಒಂದೇ ಊರಿನಲ್ಲಿ, ತಮ್ಮ ಬೆಟ್ಟದ ತಪ್ಪಲಿನಲ್ಲಿ, ಜೊತೆಯಾಗಿದ್ದಾರೆ. ಆರನೆಯವಳ ಎಡೆ ಬರಿದಾಗಿದೆ. ಇದು ನ್ಯಾಯಾಲಯಕ್ಕೆ ಸಂಬಂಧಿಸಿದ ಮಾತು ಮಾತ್ರವಲ್ಲ, ಅರ್ಥಕ್ಕೂ ಸಂಬಂಧಿಸಿದ್ದು.

ಇಂಥದನ್ನು ಕಾಣಲು ಸಮುದ್ರವನ್ನು ದಾಟಬೇಕಾಗಿಲ್ಲ. ಬೆಂಗಳೂರಿನಲ್ಲಿ 1865ರಲ್ಲಿ ಸ್ಥಾಪಿತವಾದ ಸರಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ವೀರಗಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗರ ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ಒಂದು ನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಅದರ ನೆನಪಿಗೆ ಕ್ರಿ. ಶ. 950ರ ಸುಮಾರಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಅಲ್ಲಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವೇ ವಿಧಿಸುತ್ತದೆ. ಕಲ್ಲು ಇಂದು ಭದ್ರವಾಗಿದೆ, ಅಕ್ಷರವೂ ಅಳಿದಿಲ್ಲ. ಆದರೆ ಆ ವಿಧಿಯನ್ನು ಕೇಳಬೇಕಾದ ಗೊರವನು ಅಲ್ಲಿಲ್ಲ. ಪ್ರತಿದಿನವೂ ಒಬ್ಬನ ಊಟವನ್ನು ತಡೆದು ತನ್ನನ್ನು ನೆನೆಸಿಕೊಳ್ಳುತ್ತಿದ್ದ ಕಲ್ಲು ಈಗ ಯಾರ ಊಟವನ್ನೂ ತಡೆಯದು.

ತುಮಕೂರಿನ ಬಳಿಯ ಕೈದಾಳದಲ್ಲಿ ಇದರ ಪ್ರತ್ಯುದಾಹರಣೆಯಿದೆ. ಹೊಯ್ಸಳರ ಕಾಲದ ಆ ಚೆನ್ನಕೇಶವನು ನಿಂತಲ್ಲಿಯೇ ನಿಂತಿದ್ದಾನೆ. ಜಕಣಾಚಾರಿಯು ಕಳೆದುಕೊಂಡ ಕೈಯನ್ನು ಇಲ್ಲಿ ಮರಳಿ ಪಡೆದನೆಂಬ ಐತಿಹ್ಯವು ಚರಿತ್ರೆಯಾಗದಿರಬಹುದು. ಆದರೆ ಊರು, ಹೆಸರು, ಕಥೆ, ಮೂರ್ತಿ ನಾಲ್ಕೂ ಒಂದೇ ವಾಕ್ಯದಲ್ಲಿ ಕೂಡಿವೆ. ದೀಪದ ಬೆಳಕಿನಲ್ಲಿ ಕಾಣುವಷ್ಟು ಮಾತ್ರ ಕಾಣುವುದು. ಕಣ್ಣಿಗೆ ಇದು ನಷ್ಟವೆಂದು ಶಿಲ್ಪಜ್ಞನು ಗೊಣಗಬಹುದು, ಅರ್ಥಕ್ಕೆ ನಷ್ಟವಿಲ್ಲ.

ಹಾಗಾದರೆ ಗ್ರೀಕರ ಪ್ರಾಚೀನವು ನಮ್ಮಲ್ಲಿಗೆ ಬರಲೇಬಾರದೆ? ಬಂದಿದೆ. ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ ಅಯಾಸನನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಹಳಗನ್ನಡಕ್ಕೆ ತಂದರು. ಮಾನಭಂಗದಿಂದ ಮರುಳಾಗಿ ತನ್ನನ್ನು ತಾನೇ ಕೊಂದುಕೊಳ್ಳುವ ವೀರನನ್ನು ಅವರು ಪೀಠದ ಮೇಲೆ ಒಂಟಿಯಾಗಿ ನಿಲ್ಲಿಸಲಿಲ್ಲ. ಕುರುಕ್ಷೇತ್ರವನ್ನು ಅವನ ಸುತ್ತಲೂ ಕಟ್ಟಿದರು. ಸನ್ನಿಧಿ ದೊರೆಯಿತು. ದೋಷವಿಲ್ಲವೆಂದಲ್ಲ: ಚಿರಂಜೀವಿಯೆಂದು ನಾವೆಲ್ಲ ಬಲ್ಲ ಅಶ್ವತ್ಥಾಮನು ಸಾಯುವುದು, ಬೆಂಕಿಯಿಂದ ನನೆಸಿದನೆಂಬ ವಾಕ್ಯದಂತೆ, ಯೋಗ್ಯತೆಗೆ ಕುಂದು. ಆದರೂ ಅದು ಬದುಕಿರುವ ವಾಕ್ಯದ ದೋಷ. ಮ್ಯೂಸಿಯಮ್ಮಿನ ಶಿಲೆಗೆ ಅಂಥ ದೋಷಕ್ಕೂ ಅವಕಾಶವಿಲ್ಲ.

ಪ್ರದರ್ಶನಶಾಲೆಯು ಒಂದು ಕೋಶ. ಅಮರವಿಲ್ಲದೆ ಕಾವ್ಯವನ್ನು ಓದಲಾಗದು. ಅಮರವನ್ನು ಉರುಹೊಡೆದವನು ಕಾವ್ಯವನ್ನು ಓದಿದಂತೆಯೂ ಅಲ್ಲ. ಅಲ್ಲಿಗೆ ಹೋಗುವ ಸಹೃದಯನು ಇಲ್ಲದ ಪದವನ್ನು ಅಧ್ಯಾಹಾರ ಮಾಡಿಕೊಂಡು ನೋಡಬೇಕು: ಕನ್ಯೆಯ ತಲೆಯ ಮೇಲೆ ಛಾವಣಿಯನ್ನು, ಕಾಳಿಯ ಕಲ್ಲಿನ ಮುಂದೆ ಗೊರವನನ್ನು. ಈ ಅಭ್ಯಾಸವು ಊರಿನಲ್ಲಿಯೇ ಆರಂಭವಾಗುವುದು ಲೇಸು. ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳ ಶಾಸನಗಳನ್ನು ರೈಸ್ ಮಹಾಶಯರು ಓದಿಸಿ 1904ರಲ್ಲಿ ಅಚ್ಚುಮಾಡಿಸಿದರು. ಆ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಕಲ್ಲು ಹೇಳಿದ ಎಡೆಯಲ್ಲಿ ಇಂದಿಗೂ ಇದೆಯೇ ಎಂದು ಒಂದು ಊರಿನಲ್ಲಾದರೂ ಹುಡುಕಿ ನೋಡಿದ ತರುಣನು, ಮುಂದೆ ಲಂಡನ್ನಿಗೆ ಹೋದರೆ, ಬರಿಯ ಬೆರಗನ್ನು ಹೊತ್ತು ಹಿಂದಿರುಗಲಾರನು.