ಅರ್ಥವಾಗಲಿಲ್ಲ ಎಂಬ ದೂರು

ಚಂದ್ರಾ ಲೇಔಟ್‌ನ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಮಂದಿ ಸೇರಿ ಓದುತ್ತೇವೆ. ಹೆಚ್ಚಿನವರು ಬ್ಯಾಂಕು, ಶಾಲೆಗಳಿಂದ ನಿವೃತ್ತರಾದವರು. ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ವನ್ನು ಹಿಡಿದ ದಿನ ಓದು ಇಪ್ಪತ್ತು ನಿಮಿಷಕ್ಕೇ ನಿಂತಿತು. ‘ಇದು ಶುರುವಾಗಿದ್ದೆಲ್ಲಿ ಸಾರ್?’ ಎಂದರು ಒಬ್ಬರು. ಕಾಸರಗೋಡು ಕಡೆಯ ಮೇಡಂ ಮಾತ್ರ ಏನೂ ಹೇಳದೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.

2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ತಿರುಮಲೇಶರ ಪುಸ್ತಕಗಳನ್ನು ಹೊರತಂದ ಅಭಿನವ ಪ್ರಕಾಶನ ಇರುವುದು ಪಕ್ಕದ ವಿಜಯನಗರದಲ್ಲೇ. ಅಂಗಳದಲ್ಲೇ ಅಚ್ಚಿಗೆ ಸಿದ್ಧವಾದ ಪುಸ್ತಕಗಳೂ ಓದುಗನಿಗೆ ಇಷ್ಟು ದೂರ ಏಕೆ?

‘ಕಷ್ಟ’ ಎಂಬ ಸಿದ್ಧ ಉತ್ತರ ನನಗೆ ಒಪ್ಪಿಗೆಯಿಲ್ಲ. ಕನ್ನಡದ ಓದುಗ ಕಷ್ಟಕ್ಕೆ ಹೆದರುವವನಲ್ಲ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಯಾವ ಸುಲಭದ ಕವಿತೆ? ಬೇಂದ್ರೆಯವರ ‘ನಾಕುತಂತಿ’ ಪೂರ್ತಿ ತಿಳಿಯಿತು ಎಂದು ಎದೆ ತಟ್ಟಿ ಹೇಳುವವರನ್ನು ನಾನಂತೂ ಕಂಡಿಲ್ಲ. ಆದರೆ ಅಲ್ಲಮನಿಗೆ ಟೀಕು ಬರೆದವರಿದ್ದರು, ಕನಕನಿಗೆ ಭಜನೆಯ ಮನೆಯಿತ್ತು, ಬೇಂದ್ರೆಯವರಿಗೆ ಹಾಡುವ ಕೊರಳುಗಳಿದ್ದವು. ಕುಮಾರವ್ಯಾಸನ ಗಮಕದಲ್ಲಿ ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ; ಅರ್ಥ ತಡವಾಗಿ ಬಂದರೂ ಕೇಳುಗ ಎದ್ದು ಹೋಗುವುದಿಲ್ಲ.

ನವ್ಯ ಈ ಏರ್ಪಾಡನ್ನು ಕಳಚಿತು. ಅದಕ್ಕೆ ಕಾರಣಗಳಿದ್ದವು: ಹಾಡಿನ ಇಂಪು ಸುಳ್ಳಿಗೆ ಮುಸುಕಾಗಿದೆ ಎಂಬ ಅನುಮಾನ ಸಣ್ಣದಲ್ಲ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ (1959) ಆ ಅನುಮಾನದಿಂದಲೇ ತನ್ನ ಬಿಗಿಯನ್ನು ಪಡೆಯಿತು. ಆದರೆ ವ್ಯಾಖ್ಯಾನ ಜಗಲಿಯಿಂದ ವಿಶ್ವವಿದ್ಯಾಲಯಕ್ಕೆ ಹೋಯಿತು. ನಮ್ಮ ಬಡಾವಣೆಯಿಂದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಎಷ್ಟು ದೂರ? ಆಟೋದಲ್ಲಿ ಕೂತರೆ ಬಂತು. ಅಲ್ಲಿನ ಮಾತು ಮಾತ್ರ ಇಲ್ಲಿಗೆ ಬರಲಿಲ್ಲ. ನಮ್ಮವರಲ್ಲಿ ಬಹುಪಾಲು ಮಂದಿಗೆ ಅಡಿಗರೆಂದರೆ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಕೇಳಿದ ‘ಯಾವ ಮೋಹನ ಮುರಳಿ’. ಅಂದರೆ ನವ್ಯಕ್ಕೆ ಹೊರಳುವ ಮೊದಲಿನ ಅಡಿಗರು. ಕೆ.ಎಸ್. ನರಸಿಂಹಸ್ವಾಮಿಯವರಿಗೂ ಇದೇ ಆಯಿತು. 1942ರ ‘ಮೈಸೂರ ಮಲ್ಲಿಗೆ’ ಮನೆಮನೆಗೆ ಬಂತು, 1958ರ ‘ಶಿಲಾಲತೆ’ ಕಪಾಟಿನಲ್ಲೇ ಉಳಿಯಿತು. ಕವಿ ಬದಲಾದರೂ ಅವರ ಓದುಗ ಮಲ್ಲಿಗೆಯನ್ನೇ ಕೇಳುತ್ತಾ ನಿಂತ. ಆ ಹಟದಲ್ಲಿ ಓದುಗನದೂ ತಪ್ಪಿದೆ.

ಹಾಗಂತ ಛಂದಸ್ಸು ಬಿಟ್ಟಿದ್ದೇ ಅಪರಾಧ ಎನ್ನುವವರು ಪಿ. ಲಂಕೇಶರ ನೀಲುವನ್ನು ನೆನೆಯಬೇಕು. ಪ್ರಾಸವಿಲ್ಲ, ರಾಗವಿಲ್ಲ, ಕೆಲವೇ ತುಂಡು ಸಾಲು. ಹೆಣ್ಣೊಬ್ಬಳ ತುಂಟ, ನೊಂದ, ನಿರ್ಭಿಡೆಯ ದನಿ. ‘ಲಂಕೇಶ್ ಪತ್ರಿಕೆ’ಯಲ್ಲಿ ರಾಜಕೀಯದ ಸುದ್ದಿಗಳ ನಡುವೆ ಬಂದ ಈ ಪದ್ಯಗಳನ್ನು ಪೆಟ್ಟಿಗೆ ಅಂಗಡಿಯ ಮುಂದೆ ನಿಂತು ಓದಿದವರಲ್ಲಿ ನಾನೂ ಒಬ್ಬ. ಯಾರೂ ಅದನ್ನು ಪ್ರಯೋಗ ಎಂದು ಕರೆಯಲಿಲ್ಲ. ವಾರವಾರವೂ ಅದೇ ದನಿ ಕಿವಿಗೆ ಬಿದ್ದು ಪರಿಚಯವಾಗಿತ್ತು, ಅಷ್ಟೇ. ಎಸ್. ದಿವಾಕರ್ ಜಗತ್ತಿನ ಅತಿ ಸಣ್ಣ ಕತೆಗಳನ್ನು ಕನ್ನಡಕ್ಕೆ ತಂದಾಗಲೂ ಅರ್ಧ ಪುಟದ ಗದ್ಯವನ್ನು ಕತೆಯೆಂದು ಒಪ್ಪುವ ರುಚಿ ಹೀಗೆಯೇ ಹತ್ತಿತು.

ಈಗ ಫೋನಿನಲ್ಲಿ ಬರುವ ಬಹುಪಾಲು ತುಂಡುಸಾಲುಗಳ ಬಗ್ಗೆ ನನಗೆ ಆ ಮೆಚ್ಚುಗೆಯಿಲ್ಲ. ಸಾಲು ಮುರಿದಲ್ಲಿ ಉಸಿರು ಮುರಿಯುವುದಿಲ್ಲ. ಕೂಡಿಸಿ ಬರೆದರೆ ಗ್ರೀಟಿಂಗ್ ಕಾರ್ಡಿನ ವಾಕ್ಯ. ಇವುಗಳಿಗೆ ಸಿಗುವ ‘ಸೂಪರ್’, ಅಕ್ಷಯ ಕಾವ್ಯಕ್ಕೆ ಸಿಗುವ ‘ಅರ್ಥವಾಗಲಿಲ್ಲ’ ಎರಡೂ ಓದದೆಯೇ ಹೇಳಬಹುದಾದ ಮಾತುಗಳು.

ಮುಂದಿನ ತಿಂಗಳು ಆ ಮೇಡಂ ಪುಸ್ತಕ ವಾಪಸ್ ತಂದರು. ಮೊದಲ ಪುಟದ ಗೊಡವೆಗೇ ಹೋಗದೆ ನಡುವಿನ ಒಂದು ಭಾಗವನ್ನು ತಮ್ಮೂರಿನ ಎಳೆತದಲ್ಲಿ ಗಟ್ಟಿಯಾಗಿ ಓದಿದರು. ಇಬ್ಬರು ಕಾಫಿಗೆಂದು ಕೆಳಗಿಳಿದವರು ಬರಲೇ ಇಲ್ಲ. ಹಿಂದಿನ ಸಲ ತಕರಾರು ತೆಗೆದವರು ಕನ್ನಡಕ ಒರೆಸಿಕೊಳ್ಳುತ್ತಾ, ‘ಈಗಲೂ ತಿಳೀಲಿಲ್ಲಮ್ಮಾ, ಆ ಕಡೇ ನಾಲ್ಕು ಸಾಲು ಇನ್ನೊಂದ್ಸಲ ಓದಿ’ ಎಂದರು.